ನೆರಳು ಬಿದ್ದ ನಾಣ್ಯ

ಭೂತಕನ್ನಡಿ ಹಿಡಿದು ಬರುವ ಗಿರಾಕಿ ಮತ್ತೆ ಬಂದರು. ಗರಿಗರಿ ದೊಡ್ಡ ನೋಟೊಂದನ್ನು ಕೌಂಟರಿನ ಗಾಜಿನ ಮೇಲಿಟ್ಟು, "ಒಂದು ರಬ್ಬರ್ ಕೊಡಿ" ಎಂದರು.

ಸ್ಟೇಷನರಿ ಅಂಗಡಿಯವನಿಗೆ ಹೊಟ್ಟೆ ಉರಿಯಿತು. ಬಂದಾಗಲೆಲ್ಲ ರಬ್ಬರ್ ಬೇಕಾಗುವಷ್ಟು ತಪ್ಪು ಯಾವ ಮನುಷ್ಯ ಬರೆಯುತ್ತಾನೆ? ಈ ಮಹಾನುಭಾವರಿಗೆ ಬೇಕಾದದ್ದು ರಬ್ಬರಲ್ಲ, ಚಿಲ್ಲರೆ.

ಅದು ಮೊದಲ ದಿನವೇ ಗೊತ್ತಾಗಿತ್ತು. ಬಾಕಿ ಕೊಟ್ಟಾಗ ಅವರು ನೋಟುಗಳನ್ನು ಎಣಿಸದೆ ಜೇಬಿಗೆ ತುರುಕಿ, ನಾಣ್ಯಗಳನ್ನು ಮಾತ್ರ ಹರಡಿಕೊಂಡು ಭೂತಕನ್ನಡಿ ಹಿಡಿದಿದ್ದರು. ಒಂದನ್ನು ಕಂಡದ್ದೇ ಉಸಿರು ಬಿಗಿಹಿಡಿದು, ಕರವಸ್ತ್ರದಲ್ಲಿ ಸುತ್ತಿಟ್ಟುಕೊಂಡರು.

"ಏನ್ ಸಾರ್ ಅದರಲ್ಲಿ?"

"ಟಂಕಸಾಲೇಲಿ ಅಚ್ಚು ಎರಡು ಸಲ ಬಿದ್ದಿದೆ. ಅಕ್ಷರದ ಪಕ್ಕ ನೆರಳು ನೋಡಿ. ಲಕ್ಷಕ್ಕೊಂದು ಹೀಗಾಗತ್ತೆ. ನಿಮಗ್ಯಾಕೆ ಬಿಡಿ."

ಯಾಕೆ ಅಂದರೆ? ಆ ನಾಣ್ಯ ರಾತ್ರಿಯೆಲ್ಲ ಮಲಗಿದ್ದದ್ದು ಅವನದೇ ಗಲ್ಲಾಪೆಟ್ಟಿಗೆಯಲ್ಲಿ! ಪಾಪ, ಅಂದಿನಿಂದ ಅವನಿಗೆ ಅನ್ನ ರುಚಿಸಲಿಲ್ಲ. ತನ್ನ ಅಂಗಡಿಯ ಭೂತಕನ್ನಡಿಯನ್ನು ತಾನೇ ಕೊಂಡ, ಚೌಕಾಸಿ ಮಾಡಿ ರಿಯಾಯಿತಿಯನ್ನೂ ಕೊಟ್ಟುಕೊಂಡ.

ಹೆಂಡತಿಯ ಕಣ್ಣು ಬಲು ಚುರುಕು. ಹರಿದ ನೋಟು, ಮುರಿದ ಪೆನ್ಸಿಲ್ ಯಾವುದೂ ಅವಳನ್ನು ದಾಟಿ ಹೋದದ್ದಿಲ್ಲ. ಅವಳನ್ನು ಗಲ್ಲಾದಿಂದ ಎಬ್ಬಿಸಿ, ನಾಣ್ಯದ ರಾಶಿಯ ಮುಂದೆ ಕೂರಿಸಿದ.

"ನೀನು ಆರಿಸಿದ ಮೇಲೆ ಉಳಿದದ್ದು ಅವರಿಗೆ. ಒಂದೇ ಒಂದು ಸಿಗಲಿ, ಈ ಅಂಗಡೀನೇ ಕೊಂಡುಬಿಡೋಣ."

"ಮೊದಲು ಬಾಡಿಗೆ ಕಟ್ರಿ. ಈ ಸಲ ತಪ್ಪಿದ್ರೆ ಖಾಲಿ ಮಾಡಿಸ್ತೀನಿ ಅಂದಿದಾರೆ ಮಾಲೀಕರು. ಗಲ್ಲಾದಲ್ಲಿ ಯಾರು ಕೂರೋದು?"

"ನಾನಿಲ್ವೇನೇ?"

ಇವತ್ತೂ ಅವನೇ ಕೂತಿದ್ದ. ಭೂತಕನ್ನಡಿಯವರ ಮುಖದಿಂದ ಕಣ್ಣು ಕೀಳದೆ ನೋಟನ್ನು ಡ್ರಾಯರಿಗೆ ತಳ್ಳಿದ. ಹೆಂಡತಿ ಸೋಸಿ ಕೊಟ್ಟ ಚಿಲ್ಲರೆಯನ್ನು ಮುಂದಿಟ್ಟ. ಅವರು ಎಲ್ಲವನ್ನೂ ತಿರುಗಿಸಿ ನೋಡಿ ನಿಟ್ಟುಸಿರುಬಿಟ್ಟರು.

"ಇವತ್ತೇನೂ ಸಿಗಲಿಲ್ಲ. ನೀವೂ ಕಲಿತುಬಿಟ್ರಿ ಅನ್ಸತ್ತೆ."

"ವ್ಯಾಪಾರ ಅಂದ್ಮೇಲೆ ಕಣ್ಣು ಬಿಟ್ಕೊಂಡಿರಬೇಕಲ್ವಾ ಸಾರ್?"

"ಖಂಡಿತ," ಎಂದು ಅವರು ನಕ್ಕು ಹೊರಟರು. ರಬ್ಬರ್ ಗಾಜಿನ ಮೇಲೇ ಉಳಿಯಿತು.

ಅವರು ತಿರುವು ದಾಟುವುದಕ್ಕೂ ಹೆಂಡತಿ, "ರೀ, ನೆರಳು!" ಎಂದು ಚೀರುವುದಕ್ಕೂ ಸರಿಹೋಯಿತು. ನಿಜವೇ! ಅಂಕಿಯ ಪಕ್ಕ ಇನ್ನೊಂದು ಅಂಕಿ ಮಸುಕಾಗಿ ಇಣುಕುತ್ತಿತ್ತು. ಅಂಗಡಿಯವನಿಗೆ ಕುಣಿಯುವಷ್ಟು ಖುಷಿಯಾಯಿತು. ಗಂಡ ಹೆಂಡತಿ ಅರ್ಧ ಬಾಗಿಲು ಹಾಕಿ, ಬಾಡಿಗೆಯ ದುಡ್ಡನ್ನೂ ಹಿಡಿದುಕೊಂಡು ಬ್ಯಾಂಕಿಗೆ ಓಡಿದರು. ಅಲ್ಲಿನ ಕ್ಯಾಷಿಯರ್‌ಗೆ ಹಳೆಯ ನಾಣ್ಯಗಳ ಹುಚ್ಚಿತ್ತು.

ಕ್ಯಾಷಿಯರ್ ನಾಣ್ಯವನ್ನು ಬೆಳಕಿಗೆ ಹಿಡಿದರು. "ಸವೆದು ಹೀಗಾಗಿದೆ ಅಷ್ಟೇ. ಊರು ತುಂಬಾ ಇಂಥವೇ."

ಅಂಗಡಿಯವನ ಮುಖ ಸಪ್ಪಗಾಯಿತು. ಹೋಗಲಿ, ಮಾಲೀಕರ ಖಾತೆಗೆ ಬಾಡಿಗೆಯಾದರೂ ಕಟ್ಟೋಣ ಎಂದು ನೋಟಿನ ಕಂತೆ ಮುಂದಿಟ್ಟ. ಎಣಿಸುತ್ತಿದ್ದ ಕ್ಯಾಷಿಯರ್ ಅರ್ಧದಲ್ಲಿ ನಿಲ್ಲಿಸಿ, ಅವನ ಕೈಯಿಂದ ಭೂತಕನ್ನಡಿ ಇಸಿದುಕೊಂಡರು. ಆಮೇಲೆ ಗರಿಗರಿ ನೋಟುಗಳನ್ನಷ್ಟೇ ಆರಿಸಿ ಸಾಲಾಗಿ ಜೋಡಿಸಿದರು.

"ಅಪರೂಪ ಅಂದ್ರೆ ಇದು ನೋಡಿ. ಇಷ್ಟು ನೋಟು, ಎಲ್ಲಕ್ಕೂ ಒಂದೇ ನಂಬರ್."