ಹರಿಯಿತು

“ಮೂರನೇ ಹಾಡು ರೆಕಾರ್ಡ್ ಮಾಡ್ತಿದ್ದಾಗ ಏನಾಯ್ತು?” ಎಂದು ವಿಮರ್ಶಕರು ದನಿ ತಗ್ಗಿಸಿ ಕೇಳಿದರು.

“ಹರೀತು,” ಎಂದ, ಅಂದು ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ಮೆಷಿನ್ ನಡೆಸುತ್ತಿದ್ದ ಟೇಪ್ ತಾತ.

ವಿಮರ್ಶಕರು ಕಣ್ಣು ಮುಚ್ಚಿ ಧನ್ಯರಾದರು. ‘ಪ್ರಜ್ಞೆಯ ಹರಿವು’ ಎಂದು ಬರೆದುಕೊಂಡು ಅದರ ಕೆಳಗೆ ಎರಡು ಗೆರೆ ಎಳೆದರು. ಐವತ್ತು ವರ್ಷ ಹಳೆಯ ಆ ಆಲ್ಬಮ್ಮಿನ ಮೇಲೆ, ಅಮಲೇರಿಸುವಂಥ ಸೈಕೆಡೆಲಿಕ್ ಸೋಲ್ ಸಂಗೀತದ್ದು, ಅವರು ದಿಂಬಿನಷ್ಟು ದಪ್ಪದ ಗ್ರಂಥ ಬರೆದಿದ್ದರು. ಮೂರನೇ ಹಾಡಿನಲ್ಲಿ ಗಾಯಕಿಯ ದನಿ ತೇಲಿ, ಮುಳುಗಿ, ಮತ್ತೆ ತೇಲುವ ಒಂದೂವರೆ ನಿಮಿಷಕ್ಕೇ ಹನ್ನೊಂದು ಪುಟ ಮೀಸಲು. ಆಮೇಲೆ ಬಂದ ಹಾಡುಗಾರರಲ್ಲಿ ಅರ್ಧ ಜನ ಆ ತೇಲಾಟವನ್ನು ಹಿಡಿಯಲು ಹೋಗಿ ಗಂಟಲು ಕೆಡಿಸಿಕೊಂಡಿದ್ದರು. ಈಗ ಆಲ್ಬಮ್ ಮತ್ತೆ ಹೊರಬರುತ್ತಿತ್ತು. ಅದರ ಹೊದಿಕೆಯ ಮೇಲೆ ಯಾರ್ಯಾರ ಹೆಸರಿರಬೇಕೆಂದು ತೀರ್ಮಾನಿಸುವವರೂ ಇವರೇ.

ತಾತನಿಗೆ ಬೇಕಿದ್ದದ್ದು ಅದೊಂದೇ. ಹಾಡು ಕುಡಿದವರ ಹಾಗೆ ತೂರಾಡುತ್ತಿದೆ ಎಂದು ಅಂದಿನ ಸ್ಟುಡಿಯೋ ಮಾಲೀಕ ಅವನನ್ನು ಕೆಲಸದಿಂದ ತೆಗೆದು, ಹೊದಿಕೆಯಿಂದ ಹೆಸರನ್ನೂ ಕಿತ್ತುಹಾಕಿದ್ದ. ಹಾಡನ್ನು ಮಾತ್ರ ಬಿಟ್ಟಿದ್ದ. ರೇಡಿಯೋದಲ್ಲಿ ಅದು ಬಂದಾಗಲೆಲ್ಲ ತಾತನಿಗೆ ಹೊಟ್ಟೆ ಉರಿಯುತ್ತಿತ್ತು.

“ಬೆಲ್ಟು ಸಾರ್,” ಎಂದು ಅವನು ಬಿಡಿಸಿ ಹೇಳಿದ. “ಟೇಪ್ ತಿರುಗಿಸೋ ರಬ್ಬರ್ ಬೆಲ್ಟು ಹರೀತು. ಇವಳು, ನನ್ನ ಹೆಂಡ್ತಿ, ಊಟ ತಂದಿದ್ಲು. ಇವಳ ಲಂಗದ ಎಲಾಸ್ಟಿಕ್ ಕಿತ್ತು ಬೆಲ್ಟಿನ ಜಾಗಕ್ಕೆ ಹಾಕಿದೆ. ಅದು ಎಳೆದ ಹಾಗೆಲ್ಲ ದನಿ ತೇಲ್ತು.”

ವಿಮರ್ಶಕರ ಮುಖ ಸಪ್ಪೆಯಾಯಿತು. ಹನ್ನೊಂದು ಪುಟ, ಮೂರು ಪ್ರಶಸ್ತಿ, ದೇಶವಿದೇಶದ ಭಾಷಣ, ಎಲ್ಲ ಒಂದು ಎಲಾಸ್ಟಿಕ್ಕಿಗೆ ನೇತುಬಿದ್ದಿತ್ತು. ತಾತ ‘ಹರಿಯಿತು’ ಎಂಬಲ್ಲಿಗೇ ಮಾತು ನಿಲ್ಲಿಸುವುದಾದರೆ ಹೆಸರು ಖಂಡಿತ ಬರುತ್ತದೆಂದರು. ತಾತ ನೆಲ ನೋಡಿದ. ಐವತ್ತು ವರ್ಷ ಕಾದ ಆಸೆ, ನಾಚಿಕೆಯಾದರೂ ತಲೆಯಾಡಿಸಿದ.

ಬಾಗಿಲ ಬಳಿ ಹೊಲಿಯುತ್ತ ಕೂತಿದ್ದ ಅಜ್ಜಿ ಮೆಷಿನ್ ನಿಲ್ಲಿಸಿದಳು. “ಅವತ್ತು ಲಂಗ ಕೈಲಿ ಹಿಡ್ಕೊಂಡು ಮನೆ ತನಕ ನಡೆದವಳು ನಾನು. ನನ್ನ ಹೆಸರೂ ಬರ್ಕೊಳ್ಳಿ ಸಾರ್. ಇಲ್ದಿದ್ರೆ ಕೇಳಿದವರಿಗೆಲ್ಲ ಹೇಳ್ತೀನಿ.”

ವಿಮರ್ಶಕರು ಬೆವರು ಒರೆಸಿಕೊಂಡು ಬರೆದುಕೊಂಡರು.

ಮೂರು ತಿಂಗಳಿಗೆ ಆಲ್ಬಮ್ ಮನೆಗೆ ಬಂತು. ತಾತ ತನ್ನ ಹೆಸರಿನ ಮೇಲೆ ಬೆರಳಾಡಿಸಿದ. ಅದರ ಮುಂದೆ ‘ಹರಿವು’ ಎಂದು ಅಚ್ಚಾಗಿತ್ತು. ಅಳು ಬಂತು, ಅತ್ತ. ಅಜ್ಜಿ ಕನ್ನಡಕ ಹಾಕಿಕೊಂಡು ಕೆಳಗಿನ ಸಾಲಿನಲ್ಲಿ ತನ್ನ ಹೆಸರು ಹುಡುಕಿದಳು. ಅದರ ಮುಂದಿದ್ದ ಪದವನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದಳು: “ಸ್ಥಿ-ತಿ-ಸ್ಥಾ-ಪ-ಕ-ತ್ವ.”

“ಇದ್ಯಾವ ವಾದ್ಯ ರೀ?”

“ಎಳೆದು ನುಡಿಸೋದು,” ಎಂದ ತಾತ, ಮೂಗು ಒರೆಸಿಕೊಳ್ಳುತ್ತ.