ತೊಳೆದಿಟ್ಟ ಬಾಟಲಿಗಳು

ಗೇಟಿಗೆ ನೇತುಹಾಕಿದ್ದ ಹಳದಿ ಚೀಲ ಈ ಗುರುವಾರವೂ ಮಾಯವಾಗಿತ್ತು. ಪುರಸಭೆಯ ಲಾರಿ ಬರುವುದು ಹತ್ತು ಗಂಟೆಗೆ; ಈಗಿನ್ನೂ ಎಂಟು. ರಾಸೆಮಾ ಮನೆಯೊಳಗಿನ ಚಪ್ಪಲಿಯಲ್ಲೇ ಹಿಮದ ಮೇಲೆ ನಿಂತು ನೋಡಿದಳು. ಯಾರದೋ ಹೆಜ್ಜೆಗುರುತು ಗೇಟಿನಿಂದ ಹೊರಟು, ಗುಡ್ಡದ ಮೆಟ್ಟಿಲುಗಳನ್ನು ಇಳಿದು, ನೇರವಾಗಿ ಕೆಳಗಿನ ಮನೆಯ ಯೆಲ್ಕಾಳ ಬಾಗಿಲಿಗೆ ಹೋಗಿತ್ತು. ಆ ಮನೆಯ ಹೊಗೆಗೂಡು ರಾಸೆಮಾಳ ಮಲಗುವ ಕೋಣೆಯ ಕಿಟಕಿಯ ಮಟ್ಟಕ್ಕೇ ಇತ್ತು. ಅದರಿಂದ ಟಾರಿನಂಥ ಕಪ್ಪು ಹೊಗೆ ಏಳುತ್ತಿತ್ತು.

ಮನೆಯೊಳಗೆ ಗಂಡ ಮುನಿಬ್ ಕೆಮ್ಮುತ್ತಿದ್ದ. ಮೂವತ್ತು ವರ್ಷ ಉಕ್ಕಿನ ಕಾರ್ಖಾನೆಯಲ್ಲಿ ದುಡಿದ ಅವನ ಪುಪ್ಪುಸದಲ್ಲಿ ಇನ್ನು ಉಳಿದಿರುವುದು ಸ್ವಲ್ಪವೇ, ಪ್ಲಾಸ್ಟಿಕ್ ಹೊಗೆಯಂತೂ ತಾಗಲೇಬಾರದು ಎಂದು ಡಾಕ್ಟರು ಶರತ್ಕಾಲದಲ್ಲೇ ಹೇಳಿದ್ದರು. ಈ ಬೋಸ್ನಿಯಾದ ಕಣಿವೆಯಲ್ಲಿ ಚಳಿಗಾಲವೆಂದರೆ ಸಿಕ್ಕಿದ್ದನ್ನೆಲ್ಲ ಒಲೆಗೆ ಹಾಕುವ ಕಾಲ. ಊರನ್ನು ತಿದ್ದಲು ರಾಸೆಮಾಳಿಂದ ಆಗುತ್ತಿರಲಿಲ್ಲ. ತನ್ನ ಮನೆಯಿಂದ ಒಂದು ಚೂರು ಪ್ಲಾಸ್ಟಿಕ್ಕೂ ಆ ಹೊಗೆಗೆ ಸೇರಬಾರದು ಎಂದು ಹಟ ಹಿಡಿದಳು. ಹಾಲಿಗೆ ಗಾಜಿನ ಜಾಡಿ, ಬ್ರೆಡ್ಡಿಗೆ ಬಟ್ಟೆ ಚೀಲ. ‘ಏನಮ್ಮಾ, ಅಡುಗೆಮನೆಯನ್ನೇ ಹೊತ್ಕೊಂಡು ಬಂದ್ಯಾ?’ ಎಂದು ಸಂತೆಯಲ್ಲಿ ಚೀಸ್ ಮಾರುವವನು ಆಡಿಕೊಂಡರೂ ಬಿಡಲಿಲ್ಲ. ಆದರೂ ಎಣ್ಣೆಯ ಬಾಟಲಿ, ಗಂಡನ ಸೋಡಾ ನೀರಿನ ಬಾಟಲಿ ಮನೆಗೆ ಬರುವುದು ತಪ್ಪಲಿಲ್ಲ. ಅವನ್ನು ಬಿಸಿನೀರಲ್ಲಿ ತೊಳೆದು, ಚೀಟಿ ಕಿತ್ತು, ಬಟ್ಟೆ ಒಣಗಿಸುವ ಹಗ್ಗಕ್ಕೆ ತಲೆಕೆಳಗಾಗಿ ಸಿಕ್ಕಿಸಿ, ಒಣಗಿದ ಮೇಲೆ ಹಳದಿ ಚೀಲಕ್ಕೆ ತುಂಬಿ ಮರುಬಳಕೆಗೆಂದು ಲಾರಿಗೆ ಕೊಡುತ್ತಿದ್ದಳು. ಕೊಡುತ್ತಿದ್ದೇನೆ ಎಂದುಕೊಂಡಿದ್ದಳು.

ಬಾಗಿಲು ತೆಗೆದ ಯೆಲ್ಕಾಗೆ ಎಪ್ಪತ್ತೆಂಟು ದಾಟಿತ್ತು. ಮೈಮೇಲೆ ಎರಡು ಕೋಟು. ‘ಬಾ ಬಾ ಮಗಳೇ, ಕಾಫಿಗಿಟ್ಟಿದೀನಿ’ ಎಂದವಳು, ಒಲೆಯ ಪಕ್ಕದಲ್ಲಿದ್ದ ಹಳದಿ ಚೀಲವನ್ನು ಮುಚ್ಚಿಡುವ ಗೋಜಿಗೂ ಹೋಗಲಿಲ್ಲ.

‘ಚಿಕ್ಕಮ್ಮಾ, ಇದು ನನ್ನ ಚೀಲ.’

‘ಮತ್ತಿನ್ಯಾರದು? ಬೀದಿಯಲ್ಲಿ ನಿನ್ನಷ್ಟು ಚೊಕ್ಕಟ ಯಾರಿದಾರೆ! ಉಳಿದೋರ ಬಾಟಲಿ ಒದ್ದೆ, ಚಟಚಟ ಅನ್ನುತ್ತೆ. ನಿನ್ನದು ಕಡ್ಡಿ ಗೀರಿದ್ರೆ ಸಾಕು, ಭಗ್ ಅಂತ ಹತ್ಕೊಳ್ಳುತ್ತೆ. ದೇವರು ನಿನ್ನ ಚೆನ್ನಾಗಿಟ್ಟಿರಲಿ.’

‘ಹೊಗೆ ಬರುತ್ತಲ್ಲ ಚಿಕ್ಕಮ್ಮಾ!’

‘ಬಂದ್ರೆ ಬರಲಿ ಬಿಡೇ, ಮೇಲಕ್ಕೆ ಹೋಗುತ್ತೆ.’

‘ಮೇಲೆ ಇರೋದು ನಾವೇ.’

ಮುದುಕಿ ಕಾಫಿ ಸುರಿಯುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದಳು. ‘ಅಯ್ಯೋ, ಮುನಿಬ್‌ಗಾ?’ ಎಂದಳು. ಆಮೇಲೆ ಸಣ್ಣ ದನಿಯಲ್ಲಿ, ‘ಸೌದೆ ಮುಗೀತು ಕಣೇ’ ಎಂದಳು. ರಾಸೆಮಾ ಜಗಳವಾಡಲೆಂದೇ ಬಂದಿದ್ದಳು. ಕಾಫಿ ಕುಡಿದು ಎದ್ದು ಬಂದಳು.

ಅಂದು ಮಧ್ಯಾಹ್ನವೇ ತಮ್ಮ ಒಟ್ಟಿಲಿನಿಂದ ಒಣಗಿದ ಬೀಚ್ ಮರದ ಸೌದೆಯನ್ನು ಬುಟ್ಟಿಗೆ ತುಂಬತೊಡಗಿದಳು. ಮುನಿಬ್ ಕಿಟಕಿಯಿಂದಲೇ ಗದರಿದ: ‘ನಮಗೇ ಮಾರ್ಚ್‌ವರೆಗೆ ಸಾಲಲ್ಲ, ನಿನಗೆ ದಾನಶೂರತನ ಬೇರೆ!’

‘ನಿಮ್ಮ ಉಸಿರು ಸಾಲ್ಬೇಕಲ್ಲ ಮಾರ್ಚ್‌ವರೆಗೆ. ಕಿಟಕಿ ಮುಚ್ಚಿ’ ಎಂದಳು. ಎರಡು ದಿನದಲ್ಲಿ ಐದು ಬುಟ್ಟಿ ಯೆಲ್ಕಾಳ ಮನೆಗೆ ಇಳಿಸಿದಳು. ಹಳದಿ ಚೀಲವನ್ನು ಗೇಟಿಗೆ ಕಟ್ಟುವುದನ್ನೂ ಬಿಟ್ಟಳು. ಬಾಟಲಿಗಳನ್ನು ತಾನೇ ಸೇತುವೆಯಾಚೆಯ ಮರುಬಳಕೆಯ ತೊಟ್ಟಿಗೆ ಹಾಕಿ ಬರುತ್ತಿದ್ದಳು.

ಹೊಗೆ ಮಾತ್ರ ಬಿಳಿಯಾಗಲಿಲ್ಲ. ವಾರ ಕಳೆದ ಮೇಲೆ ಮತ್ತೆ ಮೆಟ್ಟಿಲಿಳಿದಳು. ಯೆಲ್ಕಾ ಮೇಜಿನ ಮೇಲಿನ ಹಳೆಯ ಪ್ಲಾಸ್ಟಿಕ್ ಹಾಸನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ ಒಲೆಗೆ ಹಾಕುತ್ತಿದ್ದಳು. ಪಕ್ಕದಲ್ಲಿ ಸತ್ತ ಗಂಡನ ರಬ್ಬರ್ ಬೂಟೊಂದು ಸರದಿ ಕಾಯುತ್ತಿತ್ತು. ರಾಸೆಮಾ ಕೊಟ್ಟ ಸೌದೆ ಮೇರಿ ಮಾತೆಯ ಪಟದ ಕೆಳಗೆ, ಅಂಗಡಿಯಲ್ಲಿ ಸೋಪು ಜೋಡಿಸಿದಷ್ಟು ಓರಣವಾಗಿ, ಮೇಲೊಂದು ಕಂಬಳಿ ಹೊದ್ದು ಕೂತಿತ್ತು.

‘ಇದನ್ನ ಯಾಕೆ ಉರಿಸಿಲ್ಲ ಚಿಕ್ಕಮ್ಮಾ?’

‘ಇಂಥ ಸೌದೇನಾ? ಈ ಚಳಿಗಾ?’ ಮುದುಕಿಗೆ ನಗು ಬಂತು. ‘ಇದೂ ಒಂದು ಚಳಿಯೇನೇ! ಎಂಬತ್ತನಾಲ್ಕನೇ ಇಸವಿಯಲ್ಲಿ ಬಿದ್ದ ಹಿಮ ನೋಡಿದ್ದಿದ್ರೆ ನೀನು ಹೀಗನ್ನುತ್ತಿರಲಿಲ್ಲ. ನಿಜವಾದ ಚಳಿ ಬರಲಿ, ತಡಿ.’

ರಾಸೆಮಾ ಕಂಬಳಿ ಎಳೆದು, ನಾಲ್ಕು ತುಂಡನ್ನು ತಾನೇ ಒಲೆಯ ಬಾಯಿಗೆ ಒಯ್ದಳು. ಯೆಲ್ಕಾ ಅವಳ ಮಣಿಕಟ್ಟು ಹಿಡಿದುಕೊಂಡಳು. ಆ ಹಿಡಿತದಲ್ಲಿ ಬಲವಿರಲಿಲ್ಲ. ಆದರೂ ಅದನ್ನು ಕೊಡವಿ ಬಿಡಿಸಿಕೊಳ್ಳುವುದು ರಾಸೆಮಾಳಿಂದ ಆಗಲಿಲ್ಲ.

‘ನಾನೇ ಹಾಕ್ತೀನಿ ಮಗಳೇ. ನಾಳೆಯಿಂದ. ದೇವರಾಣೆಗೂ.’

ಆ ಭಾನುವಾರ ಕಣಿವೆಯ ಮೇಲೆ ಮಂಜು ಮುಚ್ಚಳದ ಹಾಗೆ ಕೂತಿತು. ಹೊಗೆ ಎಲ್ಲೂ ಹೋಗದೆ ಕಿಟಕಿಯ ಸಂದಿಗಳಲ್ಲಿ ಒಳಗೆ ನುಸುಳಿತು. ರಾಸೆಮಾ ಒದ್ದೆ ಟವೆಲು ತುರುಕಿದಳು. ಮುನಿಬ್‌ನ ತುಟಿ ನೀಲಿಯಾಗುವುದನ್ನು ಟವೆಲು ತಡೆಯಲಿಲ್ಲ. ಆಂಬುಲೆನ್ಸ್ ಗುಡ್ಡ ಹತ್ತದು. ಅದರಲ್ಲಿ ಬಂದ ಇಬ್ಬರು ಅವನನ್ನು ಕುರ್ಚಿಯಲ್ಲಿ ಕೂರಿಸಿ, ಯೆಲ್ಕಾಳ ಬಾಗಿಲ ಮುಂದೆಯೇ ಮೆಟ್ಟಿಲಿಳಿಸಿದರು.

ಮಾರನೆಯ ದಿನ ಬೆಳಿಗ್ಗೆ ರಾಸೆಮಾ ಬಟ್ಟೆ ಬದಲಿಸಿಕೊಂಡು ಹೋಗಲು ಆಸ್ಪತ್ರೆಯಿಂದ ಬಂದಾಗ ಗೇಟಿನ ಬಳಿ ಯೆಲ್ಕಾ ನಿಂತಿದ್ದಳು. ಮಕ್ಕಳು ಹಿಮದಲ್ಲಿ ಎಳೆದಾಡುವ ಜಾರುಗಾಡಿಗೆ ಸೌದೆ ಪೇರಿಸಿ, ಹಗ್ಗ ಬಿಗಿದು, ಅಷ್ಟೂ ಮೆಟ್ಟಿಲನ್ನು ಎಳೆದು ತಂದಿದ್ದಳು. ಉಸಿರು ಇನ್ನೂ ಹತೋಟಿಗೆ ಬಂದಿರಲಿಲ್ಲ.

‘ಅವನು ಬರೋ ಹೊತ್ತಿಗೆ ಮನೆ ಬೆಚ್ಚಗಿರಲಿ ಮಗಳೇ’ ಎಂದಳು. ‘ತಗೋ. ಒಂದು ತುಂಡನ್ನೂ ಮುಟ್ಟಿಲ್ಲ.’