ಘಟ್ಟ ಇಳಿಯುವ ಮೊದಲು

ದೇವಿಮನೆ ಘಟ್ಟಕ್ಕೆ ಇನ್ನು ಮೂರು ಕಿಲೋಮೀಟರ್ ಇರುವಾಗ ಮಾದೇವ ತನ್ನ ಟೆಂಪೋವನ್ನು ಬಲಕ್ಕೆ ತಿರುಗಿಸಿ ಎರಡು ಲಾರಿಗಳನ್ನು ಒಂದೇ ಏಟಿಗೆ ಹಿಂದೆ ಹಾಕಿದ. ಹಿಂದೆ ಕೂತಿದ್ದ ಎಂಟು ಹೆಂಗಸರು ಹೋ ಎಂದು ಚಪ್ಪಾಳೆ ತಟ್ಟಿದರು. ಭೈರುಂಬೆ ಕಡೆಯ ಮಹಿಳಾ ಸಂಘದ ಥ್ರೋಬಾಲ್ ತಂಡ ಅದು. ಮೊದಲ ಸಲ ಜಿಲ್ಲಾ ಮಟ್ಟಕ್ಕೆ ಹೋಗುತ್ತಿತ್ತು. ಹನ್ನೊಂದು ಗಂಟೆಗೆ ಕುಮಟಾದಲ್ಲಿ ಮ್ಯಾಚು. ಎಲ್ಲರ ಮೈಮೇಲೂ ಹೊಸ ನೀಲಿ ಟೀ ಶರ್ಟು, ಬಾಯಲ್ಲಿ ಹಾಡು. ಅವರೆಲ್ಲರಿಗಿಂತ ಜೋರಾಗಿ ಹಾಡುತ್ತಿದ್ದವನು ಮಾದೇವ.

ಮುಂದಿನ ಸೀಟಿನಲ್ಲಿದ್ದ ಕ್ಯಾಪ್ಟನ್ ಗೌರಕ್ಕ ಮಾತ್ರ ಹಾಡು ನಿಲ್ಲಿಸಿದ್ದಳು. ಅವಳು ಊರಿನ ಆಶಾ ಕಾರ್ಯಕರ್ತೆ. ನಾಲ್ಕು ತಿಂಗಳು ಟೆಂಪೋ ಮುಟ್ಟದೆ, ಹಸಿವು ಎಂದು ಒಮ್ಮೆಯೂ ಹೇಳದೆ, ಯಾರ ಹತ್ತಿರವೂ ಮಾತಾಡದೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದ ಮಾದೇವನನ್ನು ಶಿರಸಿಯ ಮನೋವೈದ್ಯರ ಹತ್ತಿರ ಕರೆದೊಯ್ದವಳು ಅವಳೇ. ಗುಳಿಗೆ ಶುರುವಾಗಿ ಇಪ್ಪತ್ತು ದಿನ. ಹೋದ ವಾರ ಅವನು ನಕ್ಕ ಎಂದು ಅವನ ಹೆಂಡತಿ ದುರ್ಗಿ ಗೌರಕ್ಕನ ಅಂಗಳದಲ್ಲಿ ನಿಂತು ಖುಷಿಗೆ ಅತ್ತಿದ್ದಳು.

"ಅಕ್ಕಾ, ಮುಂದಿನ ತಿಂಗಳು ಇನ್ನೆರಡು ಟೆಂಪೋ ತಗೊಳ್ತೆ ನಾನು. ನಿಮ್ಮ ಟೀಮಿನವ್ರನ್ನೆಲ್ಲ ಡೆಲ್ಲಿಗೆ ಕರ್ಕಂಡು ಹೋಗ್ತೆ, ಫ್ರೀ!"

"ಆತು ಮಾರಾಯ. ರಾತ್ರಿ ನಿದ್ದೆ ಬಂತನಾ?"

"ನಿದ್ದೆ ಎಂತಕೆ? ಮಲಗದೆ ನಾಕು ದಿನ ಆತು. ದಣಿವೇ ಇಲ್ಲ! ಇವತ್ತು ಈ ಘಟ್ಟ ಬ್ರೇಕ್ ಮುಟ್ಟದೆ ಇಳಿಸ್ತೆ, ನೋಡ್ತಾ ಇರು!"

ಹಿಂದಿನಿಂದ ಮತ್ತೆ ಕೇಕೆ. ಡಾಕ್ಟರು ಮೊದಲ ದಿನವೇ ಹೇಳಿದ್ದರು: ಈ ಗುಳಿಗೆಯಿಂದ ಕೆಲವರ ಮನಸ್ಸು ಮೇಲೆ ಬಂದು ನಿಲ್ಲುವುದಿಲ್ಲ, ಇನ್ನೂ ಮೇಲೆ ಹೋಗಿಬಿಡುತ್ತದೆ. ನಿದ್ದೆ ಕಡಿಮೆಯಾಗಿ ಮಾತು ಹೆಚ್ಚಾದರೆ ಒಂದು ದಿನವೂ ತಡ ಮಾಡಬೇಡಿ. ಮಾತು ಹೆಚ್ಚಾದದ್ದನ್ನು ಅವಳು ನೋಡಿದ್ದಳು, ಊರೇ ನೋಡಿತ್ತು. ಆದರೆ ನಮ್ಮ ಮನುಷ್ಯ ಖುಷಿಯಾಗಿದ್ದಾನೆ ಎಂದು ಯಾರು ಡಾಕ್ಟರ ಹತ್ತಿರ ಓಡುತ್ತಾರೆ?

"ದೇವಿಮನೆ ಗುಡಿ ಹತ್ರ ನಿಲ್ಸು ಮಾದೇವ. ಕೈ ಮುಗಿದು ಇಳಿಯುವ."

ಅವನು ಟೈರು ಕಿರುಚುವಂತೆ ನಿಲ್ಲಿಸಿದ. ಎಲ್ಲರೂ ಇಳಿದ ಮೇಲೆ ಗೌರಕ್ಕ ಅವನ ಎದುರು ಕೈ ಚಾಚಿದಳು. "ಕೀಲಿ ಕೊಡು. ಇವತ್ತು ನೀನು ಗಾಡಿ ಬಿಡೂದು ಬೇಡ."

ಮಾದೇವನ ಮುಖ ಕೆಂಪಾಯಿತು. "ನಾಕು ತಿಂಗಳು ಹೆಣದಂಗೆ ಬಿದ್ದಿದ್ದೆ, ಆಗ ಎಲ್ಲರೂ ಅಯ್ಯೋ ಅಂದ್ರಿ. ಈಗ ನಾನು ಖುಷಿಯಾಗಿದ್ರೆ ನಿಂಗೆ ನೋಡೂಕೆ ಆಗೂದಿಲ್ಲನಾ?"

ಹೆಂಗಸರ ಹಾಡು ನಿಂತಿತು. ಯಾರೋ ಒಬ್ಬಳು "ಗೌರಕ್ಕಾ, ಮ್ಯಾಚಿಗೆ ತಡ ಆಗ್ತದೆ" ಎಂದಳು. ಗೌರಕ್ಕ ಆ ಕಡೆ ತಿರುಗಲಿಲ್ಲ. "ವಾದ ಬೇಡ. ಈ ಕಟ್ಟೆ ಮೇಲೆ ಒಂದೇ ನಿಮಿಷ ಸುಮ್ಮನೆ ಕೂತು ತೋರ್ಸು. ಕೈಕಾಲು ಆಡ್ಸೂದು ಬೇಡ, ಮಾತಾಡೂದು ಬೇಡ. ಕೂತ್ರೆ ನಾವೆಲ್ಲ ನಿನ್ನ ಗಾಡಿನೇ ಹತ್ತುವ."

"ಅಷ್ಟೇನಾ!" ಎಂದು ಮಾದೇವ ನಗುತ್ತ ಕೂತ. ಗೌರಕ್ಕ ಮೊಬೈಲಿನಲ್ಲಿ ಸಮಯ ನೋಡತೊಡಗಿದಳು. ಹತ್ತು ಸೆಕೆಂಡಿಗೆ ಅವನ ಮೊಣಕಾಲು ಕುಣಿಯಲು ಶುರುವಾಯಿತು. ಎರಡೂ ಕೈಯಿಂದ ಅದನ್ನು ಅದುಮಿ ಹಿಡಿದ. ಇಪ್ಪತ್ತಕ್ಕೆ ಎದ್ದು ನಿಂತಿದ್ದ. "ಇನ್ನೊಂದ್ಸಲ" ಎಂದು ಮತ್ತೆ ಕೂತ, ಮತ್ತೆ ಎದ್ದ. ಮೂರನೇ ಸಲ ಎದ್ದಾಗ ಅವನ ಮುಖದಲ್ಲಿ ನಗು ಇರಲಿಲ್ಲ. ಎದುರಿಗೆ ಘಟ್ಟದ ಮೊದಲ ತಿರುವು ಕಾಣುತ್ತಿತ್ತು. ಅದನ್ನೂ, ನೀಲಿ ಟೀ ಶರ್ಟಿನ ಹೆಂಗಸರನ್ನೂ ಒಮ್ಮೆ ನೋಡಿದ.

"ಆಗ್ತಾ ಇಲ್ಲ ಅಕ್ಕಾ. ಒಳಗೆ ಯಾರೋ ಓಡ್ತಾ ಇದ್ದಾನೆ" ಎಂದು ಕೀಲಿಯನ್ನು ಅವಳ ಕೈಗೆ ಹಾಕಿದ.

ಆಮೇಲೆ ಎಲ್ಲವೂ ಓಟವೇ. ಕುಮಟಾ ಬಸ್ಸಿಗೆ ಅಡ್ಡ ನಿಂತು ಎಂಟೂ ಜನ ನುಗ್ಗಿದರು. ತನ್ನ ತೋಳಿನ ಕ್ಯಾಪ್ಟನ್ ಪಟ್ಟಿಯನ್ನು ಗೌರಕ್ಕ ಬಿಚ್ಚಿ, ಕಿಟಕಿಯಿಂದ ತಂಡದ ಅನುಶ್ರೀಯ ಕೈಗೆ ತುರುಕಿ, "ಸರ್ವಿಸ್ ಹೊರಗೆ ಹೊಡೀಬೇಡಿ!" ಎಂದು ಕೂಗಿದಳು. ಟೆಂಪೋಗೆ ಬೀಗ ಹಾಕಿ, ಮಾದೇವನ ತೋಳು ಹಿಡಿದು ಶಿರಸಿಗೆ ಹೋಗುವ ಜೀಪು ಹತ್ತಿದಳು. ದಾರಿಯುದ್ದಕ್ಕೂ ಅವನು ಮಾತಾಡಿದ, ಒಮ್ಮೆ ಹಾಡಿದ, ಒಮ್ಮೆ ಅತ್ತ. ಅವಳು ತೋಳು ಬಿಡಲಿಲ್ಲ.

ಡಾಕ್ಟರು ಆ ಗುಳಿಗೆಯನ್ನು ಅಲ್ಲಿಗೇ ನಿಲ್ಲಿಸಿ, ಐದು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡು ಬೇರೆ ಔಷಧಿ ಶುರು ಮಾಡಿದರು. "ತಪ್ಪು ನಿಮ್ಮದಲ್ಲ ಮಾದೇವ. ಔಷಧಿಯೇ ಬೇಡ ಅಂತಲೂ ಅಲ್ಲ. ಇದು ನಿಮಗೆ ಆಗಿಬರಲಿಲ್ಲ, ಅಷ್ಟೇ."

"ಹಂಗಾರೆ ಈ ಖುಷಿ ಹೋಗ್ತದನಾ ಡಾಕ್ಟ್ರೇ?" ಎಂದು ಅವನು ಕೇಳಿದಾಗ ಅವರು, "ಇಷ್ಟೊಂದು ಖುಷಿ ಹೋಗ್ತದೆ" ಎಂದರು.

ತಂಡ ಎರಡು ಪಾಯಿಂಟಿನಿಂದ ಮ್ಯಾಚು ಸೋತಿತ್ತು. ಆ ಬೇಜಾರು ಮರೆಯಲು ಗೌರಕ್ಕನಿಗೆ ಹದಿನೈದು ದಿನ ಬೇಕಾಯಿತು. ಹದಿನಾರನೆಯ ದಿನ ಮಧ್ಯಾಹ್ನ ಅವಳು ಮಾದೇವನ ಮನೆಗೆ ಹೋದಳು. ಅವನು ಜಗುಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದ, ರಸ್ತೆ ಕಡೆ ಮುಖ ಮಾಡಿ.

"ಹೆಂಗಿದ್ದೆ ಈಗ?"

ಮಾದೇವ ಪಕ್ಕಕ್ಕೆ ಸರಿದು ಅವಳಿಗೆ ಕೂರಲು ಜಾಗ ಮಾಡಿದ. "ಖುಷಿ ಅಂತ ಏನಿಲ್ಲ ಅಕ್ಕಾ. ದುಃಖನೂ ಇಲ್ಲ." ಮತ್ತೆ ತನಗೇ ಆಶ್ಚರ್ಯವಾದವನಂತೆ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಹೇಳಿದ, "ಹಸಿವಾಗ್ತಾ ಉಂಟು."

ಒಳಗೆ ದುರ್ಗಿಯ ಕೈಯಿಂದ ಸೌಟು ಜಾರಿ ಬಿದ್ದ ಸದ್ದಾಯಿತು.